ಅರ್ಧ ನಾಲಿಗೆಯ ಒಂದು ವರ್ಷ

ಕಳೆದ ವಾರ, ಕಾಫಿ ಹಸನು ಮಾಡುವ ನಮ್ಮ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ, ತೀರಿಹೋದ ಮೇಡಂಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಕಾಫಿ ಒಣಗಿಸುವ ಕಣದ ಮೇಲೆಯೇ ಕುರ್ಚಿ ಹಾಕಿದ್ದರು. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಅದು ಹುಟ್ಟಿನಿಂದ ಬಂದ ನಾಲಿಗೆ, ದೇವರು ಕೊಟ್ಟದ್ದು, ಕಲಿತರೆ ಬರುವಂಥದ್ದಲ್ಲ. ಮೂಡಿಗೆರೆ ಕಡೆಯ ದೊಡ್ಡ ಪ್ಲಾಂಟರ್ ಒಬ್ಬರು, "ಅವ್ರ ನಾಲಿಗೆಗೆ ಇನ್ಶೂರೆನ್ಸ್ ಮಾಡಿಸ್ಬೇಕಿತ್ತು" ಎಂದರು. ಜನ ಮೆಲ್ಲಗೆ ನಕ್ಕರು. ಕೊನೆಗೆ ನನ್ನನ್ನು ಕರೆದರು. ಹದಿನೈದು ವರ್ಷ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳು ನಾನು. ಎದ್ದು ಹೋದೆ. ಮೈಕ್ ಹಿಡಿದು, "ಅದು ಹಾಗಲ್ಲ" ಎಂದೆ. ಮುಂದಿನ ಮಾತು ಬರಲಿಲ್ಲ. ಬಂದು ಕೂತುಬಿಟ್ಟೆ.

ಹಾಗಲ್ಲ ಎಂದ ಮೇಲೆ ಹೇಗೆ ಎಂದು ಹೇಳಬೇಕಲ್ಲ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅವರೇ ಹೇಳಿದ್ದು ಯಾವುದಾದರೂ ಬಂದರೆ ಅವರು ಹೇಳಿದ್ದು ಎಂದು ಬರೆಯುತ್ತೇನೆ.

ನಮ್ಮ ಕೆಲಸ ಕಾಫಿಯ ರುಚಿ ನೋಡುವುದು. ಬೆಳೆಗಾರರು ತಂದ ಸ್ಯಾಂಪಲ್ಲನ್ನು ಹದವಾಗಿ ಹುರಿದು, ತರಿತರಿಯಾಗಿ ಪುಡಿ ಮಾಡಿ, ಲೋಟಗಳಿಗೆ ಹಾಕಿ ಬಿಸಿನೀರು ಹೊಯ್ಯುತ್ತೇವೆ. ಹಾಲಿಲ್ಲ, ಸಕ್ಕರೆಯಿಲ್ಲ. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದಿಂದ ಒಡೆದು ಮೂಸುತ್ತೇವೆ. ಸ್ವಲ್ಪ ಆರಿದ ಮೇಲೆ ಒಂದು ಚಮಚ ತುಟಿಗೆ ತಂದು ಸೊರ್ ಎಂದು ಜೋರಾಗಿ ಎಳೆಯುತ್ತೇವೆ. ಕಾಫಿ ತುಂತುರಾಗಿ ಇಡೀ ನಾಲಿಗೆಯ ಮೇಲೆ, ಗಂಟಲಿನ ತನಕ ಹರಡಬೇಕು. ಒಂದು ಕ್ಷಣ ಹಿಡಿದಿಟ್ಟು ಪಕ್ಕದ ಡಬ್ಬಕ್ಕೆ ಉಗಿಯುತ್ತೇವೆ. ಆಮೇಲೆ ಅಂಕ. ಆ ಅಂಕದಿಂದ ಒಂದು ತೋಟದ ಇಡೀ ವರ್ಷದ ದುಡಿಮೆಗೆ ಒಳ್ಳೆಯದೋ ಕೆಟ್ಟದ್ದೋ ಒಂದು ಹೆಸರು ಬೀಳುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸದ್ದಾಗದ ಹಾಗೆ ಚಮಚದಿಂದ ಕುಡಿಯುತ್ತಿದ್ದೆ. ಮನೆಯಲ್ಲಿ ಹಾಗೇ ಬೆಳೆಸಿದ್ದರು. ಮೇಡಂ ಸ್ವಲ್ಪ ಹೊತ್ತು ನೋಡಿ, "ಎಂತ ಮಾರಾಯ್ತಿ, ಹೆಣ್ಣು ನೋಡೋಕೆ ಬಂದೋರ ಮುಂದೆ ಕೂತ ಹಾಗೆ ಕುಡೀತಿದ್ದೀಯಲ್ಲ! ಎಳಿ. ಆಚೆ ರಸ್ತೇಲಿ ಹೋಗೋರಿಗೆ ಕೇಳ್ಬೇಕು" ಎಂದರು. ತಾವೇ ಎಳೆದು ತೋರಿಸಿದರು. ಗೋಡೆಯ ಗಡಿಯಾರದ ಮೇಲೆ ಕೂತಿದ್ದ ಹಲ್ಲಿ ಹೆದರಿ ಓಡಿತು. ಇದು ನಾನು ಕಂಡದ್ದು.

ಗಟ್ಟಿ ಹೆಂಗಸು. ಎತ್ತರ ಕಡಿಮೆ, ದನಿ ದೊಡ್ಡದು. ಕಳಸದ ಮೇಲಿನ ಒಂದು ಸಣ್ಣ ತೋಟದ ಮನೆಯಲ್ಲಿ ಹುಟ್ಟಿದವರು. ತಲೆಗೆ ಮಲ್ಲಿಗೆ ಮುಡಿಯದೆ ಮನೆಯಿಂದ ಹೊರಡುತ್ತಿರಲಿಲ್ಲ. ಆದರೆ ರುಚಿ ನೋಡುವ ಕೋಣೆಯೊಳಗೆ ಹೂವಿನ ವಾಸನೆ ಬರಬಾರದು. ಹಾಗಾಗಿ ದಿನಾ ಬೆಳಿಗ್ಗೆ ಬಾಗಿಲ ಹೊರಗೆ ನಿಂತು ಹೂವು ತೆಗೆದು ಕಿಟಕಿಯ ಚಿಲಕಕ್ಕೆ ಸಿಕ್ಕಿಸುತ್ತಿದ್ದರು, ಸಂಜೆ ಹೋಗುವಾಗ ಮತ್ತೆ ಮುಡಿಯುತ್ತಿದ್ದರು. ಚಿಲಕದಲ್ಲಿ ಹೂವಿದ್ದರೆ ಮೇಡಂ ಒಳಗಿದ್ದಾರೆ ಎಂದು ಲಾರಿ ಡ್ರೈವರುಗಳಿಗೂ ಗೊತ್ತಿತ್ತು.

ನಾನು ಸೇರಿದ ಹೊಸತರ ಒಂದು ವರ್ಷ, ಅರೇಬಿಕಾ ಕಾಫಿಯ ಕೊಯ್ಲು ಮುಗಿದು ಸ್ಯಾಂಪಲ್ಲುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವರಿಗೆ ಆಗ ನಲವತ್ತೈದು ದಾಟಿತ್ತು. ಎಡಗಡೆ ಕೆಳದವಡೆಯ ಕೊನೆಯಲ್ಲಿ ಬುದ್ಧಿಹಲ್ಲೊಂದು ಅರ್ಧ ಮಾತ್ರ ಮೇಲೆ ಬಂದು ನಿಂತಿತ್ತು. ವರ್ಷಕ್ಕೊಮ್ಮೆ ವಸಡು ಊದುವುದು, ಮಾತ್ರೆ ನುಂಗುವುದು, ಇಳಿಯುವುದು. ಅದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಂದು ದಿನ ಸಂಸೆಯ ಬೆಳೆಗಾರರೊಬ್ಬರು ಸ್ಯಾಂಪಲ್ ತಂದರು. ಸಣ್ಣ ತೋಟದವರು. ಹೆಗಲ ಮೇಲೆ ಯಾವಾಗಲೂ ಒಂದು ಟವೆಲು. ಸ್ಯಾಂಪಲ್ ಕೊಟ್ಟು ಹೋಗುವವರಲ್ಲ, ರುಚಿ ನೋಡಿ ಮುಗಿಯುವ ತನಕ ಬಾಗಿಲಲ್ಲಿ ನಿಂತೇ ಇರುವವರು. ಮೇಡಂ ಒಂದು ಚಮಚ ಎಳೆದರು. ಮುಖ ಗಂಟಾಯಿತು.

"ಪಲ್ಪರ್ ತೊಳೀದೆ ಬಿಟ್ಟಿದ್ರಾ? ಹಣ್ಣು ಒಳಗೇ ಕೂತು ಕೊಳೆತಿದೆ." ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮಾತು ಅದು.

"ಇಲ್ಲಮ್ಮ. ದಿನಾ ಸಂಜೆ ನಾನೇ ತೊಳಿಯೋದು. ಬೇಕಾದ್ರೆ ನಮ್ಮನೆಯವಳ ಹತ್ರ ಕೇಳಿ. ಪಾತ್ರೆ ತೊಳೆಯೋಕೆ ಕರೆದ್ರೆ ಬರಲ್ಲ, ಪಲ್ಪರ್ ತೊಳೆಯೋಕೆ ಓಡ್ತೀರಿ ಅಂತ ಬೈತಾಳೆ."

ಮೇಡಂ ಇನ್ನೊಂದು ಲೋಟದಿಂದ ಎಳೆದರು. "ಇದೆ" ಎಂದರು. ಅಂಕದ ಜಾಗದಲ್ಲಿ ಗೀಟು ಹಾಕಿದರು. ಆ ಸ್ಯಾಂಪಲ್ಲಿನಲ್ಲಿ ನನಗೆ ಯಾವ ದೋಷವೂ ಸಿಕ್ಕಿರಲಿಲ್ಲ. ನನ್ನ ನಾಲಿಗೆಯೇ ಇನ್ನೂ ಎಳಸು ಅಂದುಕೊಂಡೆ. ಅವರು ಟವೆಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೊರಟುಹೋದರು.

ಮುಂದಿನದು ಅತ್ತಿಗುಂಡಿಯ ಒಂದು ಎಸ್ಟೇಟಿನದು. ಅದರಲ್ಲೂ ಮೇಡಂಗೆ ಕೊಳೆತ ರುಚಿ ಸಿಕ್ಕಿತು. ಅದರ ಮುಂದಿನದು ಹೊರನಾಡು ಕಡೆಯದು. ಅದರಲ್ಲೂ. ಅವರು ಚಮಚ ಕೆಳಗಿಟ್ಟರು. "ಮೂರು ಊರಿನ ಪಲ್ಪರ್ ಒಂದೇ ಸಲ ಕೊಳೆಯಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಕೆಟಲಿನಿಂದ ಒಂದು ಖಾಲಿ ಲೋಟಕ್ಕೆ ಬರೀ ಬಿಸಿನೀರು ಹೊಯ್ದರು. ಕಾಫಿಗೆ ಕಾಯುವಷ್ಟೇ ಹೊತ್ತು ಅದಕ್ಕೂ ಕಾದರು. ಚಮಚದಲ್ಲಿ ತೆಗೆದು ಸೊರ್ ಎಂದು ಎಳೆದರು.

ಉಗಿಯಲು ಮರೆತು ನುಂಗಿಬಿಟ್ಟರು. ಎಡಗೆನ್ನೆಯ ಮೇಲೆ ಬೆರಳಿಟ್ಟು ಒತ್ತಿದರು. ಮತ್ತೊಮ್ಮೆ ಬಾಯಿ ಚಪ್ಪರಿಸಿದರು.

"ನೀರಲ್ಲೂ ಇದೆ. ಕೊಳೆತದ್ದು ಕಾಫಿಯಲ್ಲ ಮಾರಾಯ್ತಿ, ನಾನು."

ನಾನು ಆ ಲೋಟವನ್ನೇ ನೋಡುತ್ತ ನಿಂತಿದ್ದೆ. "ನಿಂತ್ಕೊಂಡು ಎಂತ ನೋಡ್ತೀಯ? ಆಟೋ ಹಿಡಿ. ಸಂಸೆಯವ್ರು ಕಳಸದ ಬಸ್ಸಿಗೆ ಕಾಯ್ತಿರ್ತಾರೆ. ಬಸ್ಸು ಹತ್ತಿದ್ರೂ ಇಳಿಸಿ ಕರ್ಕೊಂಡು ಬಾ" ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಅವರು ನಿಜಕ್ಕೂ ಬಸ್ಸು ಹತ್ತಿ ಕೂತಿದ್ದರು. ಕಿಟಕಿಯಿಂದ ಕರೆದೆ. "ಎಂತ, ಇನ್ನೂ ಸ್ವಲ್ಪ ಬೈಯೋದು ಬಾಕಿ ಉಂಟಾ?" ಎಂದು ಕೇಳುತ್ತಲೇ ಇಳಿದು ಬಂದರು. ಮೇಡಂ ಅವರನ್ನು ಎದುರು ಕೂರಿಸಿಕೊಂಡು, ನನ್ನ ಮುಂದೆಯೇ, "ನಿಮ್ಮ ಕಾಫಿ ಚೊಕ್ಕ ಇದೆ. ನನ್ನ ಬಾಯಿ ಚೊಕ್ಕ ಇಲ್ಲ. ನಾನು ಹೇಳಿದ್ದು ತಪ್ಪಾಯ್ತು" ಎಂದರು. ಆಮೇಲೆ ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಸರಿಸಿ, ಆ ಹಲ್ಲನ್ನು ತೋರಿಸಿಯೂ ಬಿಟ್ಟರು. ಸಂಸೆಯವರು ಬಗ್ಗಿ, ದನದ ಬಾಯಿ ನೋಡಿ ಪಳಗಿದವರ ಹಾಗೆ ನೋಡಿದರು. "ಹೌದಮ್ಮ, ವಸಡು ಕೀವು ಕಟ್ಟಿದೆ. ಒಂದು ಲವಂಗ ಇಟ್ಕೊಳ್ಳಿ" ಎಂದರು.

"ಲವಂಗ ಇಟ್ಕೊಂಡ್ರೆ ನಾಳೆ ನಿಮ್ಮ ಕಾಫೀಲಿ ಲವಂಗ ಸಿಗ್ತದೆ ನಂಗೆ. ಕೀಳಿಸ್ತೀನಿ."

ಆ ದಿನ ನೋಡಿದ ಎಲ್ಲ ಸ್ಯಾಂಪಲ್ಲುಗಳ ಅಂಕವನ್ನೂ ಅವರು ಹೊಡೆದು ಹಾಕಿದರು.

ದಂತವೈದ್ಯರ ಹತ್ತಿರ ನಾನೇ ಜೊತೆಗೆ ಹೋದೆ. ಅವರ ಮನೆಯವರು ತೋಟದಲ್ಲಿ ರೋಬಸ್ಟಾ ಕಾಫಿಯ ಕೊಯ್ಲಿನಲ್ಲಿದ್ದರು. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಿಧಾನವಾಗಿ ಮಾತಾಡುವವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲು ನೆಟ್ಟಗೆ ನಿಂತಿರಲಿಲ್ಲ, ಮುಂದಿನ ಹಲ್ಲಿಗೆ ಒರಗಿ ಮಲಗಿತ್ತು. ಅದರ ಬೇರಿನ ಕೆಳಗೆ ಮಸುಕಾದ ಒಂದು ಗೆರೆ ಹಾದುಹೋಗಿತ್ತು.

"ಇದು ತುಟಿಗೆ ಹೋಗೋ ನರ. ಇನ್ನೊಂದು ನರ ಎಕ್ಸ್‌ರೇಲಿ ಕಾಣಲ್ಲ, ಹಲ್ಲಿನ ಒಳಬದಿಯ ಪಕ್ಕದಲ್ಲೇ ಹಾದು ನಾಲಿಗೆಗೆ ಹೋಗ್ತದೆ. ಇಪ್ಪತ್ತರ ವಯಸ್ಸಲ್ಲಿ ತೆಗೆದಿದ್ರೆ ಸುಲಭ ಇತ್ತು. ಈಗ ಮೂಳೆ ಗಟ್ಟಿ. ವಸಡು ಬಿಡಿಸಿ, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನ ತುಂಡು ಮಾಡಿ ತೆಗೀಬೇಕು. ಕೆಲವರಿಗೆ ಆಮೇಲೆ ತುಟಿನೋ ನಾಲಿಗೆಯ ಒಂದು ಬದಿನೋ ಜೋಮು ಹಿಡಿದು ಉಳೀತದೆ. ಹೆಚ್ಚಿನವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ಸರಿ ಹೋಗ್ತದೆ."

"ಹೆಚ್ಚಿನವರಿಗೆ" ಎಂದರು ಮೇಡಂ.

"ಹೌದು. ಎಲ್ಲರಿಗೂ ಅಂತ ನಾನು ಹೇಳಲಾರೆ."

"ಜೋಮು ಹಿಡಿದ ಕಡೆ ರುಚಿ?"

"ಅದೂ ಹೋಗಬಹುದು. ನೀವು ಎಂತ ಕೆಲಸ ಮಾಡೋದು?"

"ಕಾಫಿ ರುಚಿ ನೋಡೋದು."

"ಹೋಟೆಲ್ಲಾ?"

"ಅಲ್ಲ ಡಾಕ್ಟ್ರೆ. ಸೊರ್ ಅಂತ ಎಳೆದು ಉಗಿಯೋ ಕೆಲಸ."

ಡಾಕ್ಟರು ಎಕ್ಸ್‌ರೇ ಕೆಳಗಿಟ್ಟು ಅವರನ್ನು ನೋಡಿದರು. "ಹಲ್ಲು ತೆಗೆದ ಮೇಲೆ ನಾನು ಎಲ್ಲರಿಗೂ ಮಾಡಬೇಡಿ ಅನ್ನೋದು ಅವೆರಡನ್ನೇ. ಎಳೀಬಾರದು, ಉಗೀಬಾರದು. ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರಬೇಕು, ಅದೇ ಗಾಯಕ್ಕೆ ಮುಚ್ಚಳ. ಎಳೆದ್ರೆ ಕಿತ್ತು ಬರ್ತದೆ."

ಹೊರಗೆ ಬಂದ ಮೇಲೆ, ಕೊಯ್ಲಿನ ಗಡಿಬಿಡಿ ಮುಗಿಯಲಿ, ಮಳೆಗಾಲದಲ್ಲಿ ಮಾಡಿಸಿದರಾಯಿತು ಎಂದು ನಾನು ಹೇಳಿದೆ. ಅವರು ರಸ್ತೆ ದಾಟಿದರು. ಆಮೇಲೆ ಹೇಳಿದ್ದು ಇಷ್ಟು: "ಹಲ್ಲು ಇದ್ರೆ ನಾನು ಸುಳ್ಳು ಹೇಳ್ತೀನಿ. ಕಿತ್ರೆ ಏನೂ ಹೇಳೋಕಾಗದ ಹಾಗೆ ಆಗ್ಬಹುದು. ಸುಳ್ಳಿಗಿಂತ ಅದು ವಾಸಿ. ಸೋಮವಾರಕ್ಕೆ ಬರ್ತೀವಿ ಅಂತ ಹೇಳಿ ಬಾ, ಹೋಗು."

ಆ ಸೋಮವಾರ ನಾನು ಒಳಗೇ ಇದ್ದೆ. ಡಾಕ್ಟರು ಹೊರಗೆ ಕೂರಿ ಎಂದರು. ಮೇಡಂ, "ಅವಳು ಇರ್ಲಿ, ನಾನು ನೋಡೋಕಾಗದ್ದನ್ನ ಅವಳು ನೋಡ್ಲಿ" ಎಂದರು. ನನ್ನನ್ನು ಕಾಲ ಬಳಿ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಹಾಗಾಗಿ ಅಲ್ಲಿ ನಾನು ಹೆಚ್ಚಾಗಿ ಕಂಡದ್ದು ಅವರ ಪಾದಗಳನ್ನು. ಮೊದಲು ಇಂಜೆಕ್ಷನ್. ಕಾಲಿನ ಹೆಬ್ಬೆರಳು ಒಮ್ಮೆ ಮಡಿಚಿ ಬಿಚ್ಚಿತು. ತುಟಿ ಮರಗಟ್ಟಿದ ಮೇಲೆ ಕೊರೆಯುವ ಸದ್ದು. ಪಾದಗಳು ಅಲುಗಲಿಲ್ಲ. ಆಮೇಲೆ ಡಾಕ್ಟರು, "ನೋವಾಗಲ್ಲ, ಒತ್ತಿದ ಹಾಗೆ ಆಗ್ತದೆ, ಹೆದರಬೇಡಿ" ಎಂದರು. ಒಣ ಕೊಂಬೆ ಮುರಿದಂಥ ಒಂದು ಸದ್ದಾಯಿತು. ಆಗ ಹತ್ತೂ ಬೆರಳುಗಳು ಒಟ್ಟಿಗೆ ಬಿಗಿಯಾದವು. ನಾನು ಕಣ್ಣು ಮುಚ್ಚಿದೆ, ಮತ್ತೆ ತೆರೆದೆ. ನೋಡು ಎಂದು ಹೇಳಿದ್ದರಲ್ಲ.

ಹೊಲಿಗೆ ಹಾಕಿ, ಗಾಯದ ಮೇಲೆ ಬಟ್ಟೆಯ ಮಡಿಕೆ ಇಟ್ಟು ಕಚ್ಚಿಕೊಳ್ಳಲು ಹೇಳಿದರು. ತಟ್ಟೆಯಲ್ಲಿ ಹಲ್ಲು ಎರಡು ತುಂಡಾಗಿ ಬಿದ್ದಿತ್ತು. ಮೇಡಂ ಕೈಸನ್ನೆಯಲ್ಲೇ ಅದನ್ನು ಕೇಳಿದರು. ನೋಡಲು ಕೇಳುತ್ತಿದ್ದಾರೆ ಎಂದು ಡಾಕ್ಟರು ತಟ್ಟೆ ಮುಂದೆ ಹಿಡಿದರು. ಅವರು ಎದ್ದು ಕೂತು, ಮೂಗು ಬಗ್ಗಿಸಿ, ಲೋಟದ ಮೇಲೆ ಬಗ್ಗುವ ಹಾಗೆಯೇ ಬಗ್ಗಿ, ಮೂಸಿದರು. ನನ್ನ ಕಡೆ ತಿರುಗಿ ತಲೆಯಾಡಿಸಿದರು. ಅದೇ ವಾಸನೆ, ಎಂದು ಅರ್ಥ.

ಮನೆಯಲ್ಲಿ ಅವರ ಅತ್ತೆ ಇದ್ದರು. ಎಂಬತ್ತು ದಾಟಿದವರು, ಬಾಯಲ್ಲಿ ಒಂದು ಹಲ್ಲೂ ಇಲ್ಲ. "ಒಂದು ಹಲ್ಲು ಕಿತ್ತದ್ದಕ್ಕೆ ಎಂತ ಉಪಚಾರ! ನಂದು ಅಷ್ಟೂ ಹೋಯ್ತು, ಯಾರಾದ್ರೂ ಐಸು ಇಟ್ರಾ?" ಎನ್ನುತ್ತಲೇ ಬಟ್ಟೆಯಲ್ಲಿ ಐಸ್ ಸುತ್ತಿ ತಂದು ಕೊಟ್ಟರು. ಮೊದಲ ದಿನ ಕೆನ್ನೆಯ ಹೊರಗೆ ಐಸು, ಬಿಟ್ಟು ಬಿಟ್ಟು. ಜೊಲ್ಲು ಬಂದರೂ ಉಗಿಯುವಂತಿಲ್ಲ, ನುಂಗಬೇಕು, ಇಲ್ಲವೇ ಒರೆಸಿಕೊಳ್ಳಬೇಕು. ದಿಂಬು ಏರಿಸಿ ತಲೆ ಎತ್ತರದಲ್ಲಿಟ್ಟು ಮಲಗಬೇಕು. ಆರಿದ ಗಂಜಿ, ಮಜ್ಜಿಗೆ. ಅತ್ತೆ ಮೆಣಸಿನ ಕಷಾಯ ಕುದಿಸಿ ಬಿಸಿಬಿಸಿಯಾಗಿ ತಂದರು. ಬಿಸಿ ಕೂಡದು ಎಂದು ನಾನು ತಡೆದೆ. "ನೀನು ಡಾಕ್ಟ್ರಾ?" ಎಂದು ಕೇಳಿ, ಅಲ್ಲೇ ಕೂತು ತಾವೇ ಕುಡಿದು ಮುಗಿಸಿದರು.

ಊತ ಮೊದಲ ದಿನಕ್ಕಿಂತ ಆಮೇಲೆಯೇ ಹೆಚ್ಚಾಯಿತು. ಡಾಕ್ಟರು ಮೊದಲೇ ಹೇಳಿದ್ದರಿಂದ ನಾವು ಗಾಬರಿಯಾಗಲಿಲ್ಲ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಮುಕ್ಕಳಿಸುವಂತಿಲ್ಲ, ಬಾಯಲ್ಲಿ ತುಂಬಿಕೊಂಡು ತಲೆಯನ್ನು ಆಚೀಚೆ ವಾಲಿಸಿ, ಬಗ್ಗಿ ತಾನಾಗೇ ಬೀಳಲು ಬಿಡಬೇಕು. ಅದನ್ನೆಲ್ಲ ಅವರು ಚಾಚೂ ತಪ್ಪದೆ ಮಾಡಿದರು. ಆದರೆ ಇಂಜೆಕ್ಷನ್ನಿನ ಜೋಮು ಇಳಿಯಬೇಕಾದ ಹೊತ್ತು ಕಳೆದು, ತುಟಿ ಸರಿಯಾದ ಮೇಲೂ, ನಾಲಿಗೆಯ ಎಡ ಅರ್ಧ ಹಾಗೇ ಉಳಿಯಿತು. "ಬಾಯೊಳಗೆ ಬೇರೆ ಯಾರದ್ದೋ ನಾಲಿಗೆ ಇಟ್ಟ ಹಾಗಿದೆ" ಎಂದರು. ಆಗ ಅವರ ದನಿ ಸಣ್ಣದಾಗಿತ್ತು. ಅಷ್ಟು ಸಣ್ಣ ದನಿಯನ್ನು ನಾನು ಅವರಲ್ಲಿ ಕೇಳಿದ್ದು ಅದೊಂದೇ ಸಲ.

ಊತ ಇಳಿಯುತ್ತಿದ್ದಂತೆ, ಕೂತಲ್ಲಿ ಕೂರಲಾರದೆ ಕೋಣೆಗೆ ಬಂದರು. ಬರೀ ನೋಡುತ್ತೇನೆ ಎಂದರು. ಹೂವನ್ನು ಚಿಲಕಕ್ಕೆ ಸಿಕ್ಕಿಸಿ ಒಳಗೆ ಬಂದು ಕೂತರು. ನಾನು ಲೋಟಗಳ ಸಾಲಿನ ಉದ್ದಕ್ಕೂ ರುಚಿ ನೋಡುತ್ತ ಹೋದೆ. ಪೂರ್ತಿ ಆರಿದ ಒಂದು ಲೋಟವನ್ನು ಅವರು ಹತ್ತಿರ ಎಳೆದುಕೊಂಡರು. ತಣ್ಣಗಿನದನ್ನು ಮೆಲ್ಲಗೆ ಕುಡಿಯಬಹುದು ಎಂದು ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು. ಅವರು ಚಮಚ ತುಂಬಿಸಿದರು. ತುಟಿಗೆ ತಂದರು.

ಸೊರ್ ಎಂದಿತು.

ಇಪ್ಪತ್ತು ವರ್ಷ ಚಮಚ ತುಟಿಗೆ ತಾಗಿದ ಕೂಡಲೇ ಎಳೆದ ಬಾಯಿ. ಅವರು ಎಳೆಯಬೇಕೆಂದು ಎಳೆದದ್ದಲ್ಲ. ಅವರ ಕೈ ಚಮಚದೊಂದಿಗೆ ಗಾಳಿಯಲ್ಲೇ ನಿಂತಿತ್ತು. ಉಗಿಯಲಿಲ್ಲ, ನುಂಗಿದರು. "ಇದನ್ನ ಅತ್ತೆ ಹತ್ರ ಹೇಳ್ಬೇಡ" ಎಂದರು.

ಮರುದಿನಕ್ಕೆ ದವಡೆಯಿಂದ ಕಿವಿಯ ತನಕ ಸಿಡಿಯುವ ನೋವು. ಮಾತ್ರೆಗೂ ಬಗ್ಗಲಿಲ್ಲ. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಹೆಪ್ಪು ಹೋಗಿ ಗುಂಡಿ ಬರಿದಾಗಿತ್ತು, ಮೂಳೆ ಬೆಳ್ಳಗೆ ಕಾಣುತ್ತಿತ್ತು. ಡ್ರೈ ಸಾಕೆಟ್ ಎಂದರು. ಎಳೆದದ್ದರಿಂದಲೇ ಆಯಿತೇ ಎಂದು ಮೇಡಂ ಕೇಳಿದರು. "ಇರಬಹುದು. ಎಳೀದಿದ್ರೂ ಕೆಲವರಿಗೆ ಆಗ್ತದೆ" ಎಂದರು ಡಾಕ್ಟರು. ನಾನೂ ಅಷ್ಟೇ ಬರೆಯಬಲ್ಲೆ. ಗುಂಡಿಯನ್ನು ತೊಳೆದು ಔಷಧಿ ತುಂಬಿದರು. ನೋವು ನೋಡನೋಡುತ್ತಲೇ ಇಳಿಯಿತು. ಆ ಔಷಧಿಯ ಗಮ ಕೋಣೆಯೆಲ್ಲ ಹರಡಿತು. ಲವಂಗದೆಣ್ಣೆ.

ಮೇಡಂ ನನ್ನನ್ನು ನೋಡಿದರು. "ಸಂಸೆಯವ್ರಿಗೆ ಫೋನ್ ಮಾಡಿ ಹೇಳು, ಅವ್ರ ಮದ್ದೇ ಆಯ್ತು ಅಂತ. ಇನ್ನು ಸ್ವಲ್ಪ ದಿನ ನಂಗೆ ಎಲ್ಲಾರ ತೋಟದ ಕಾಫೀನೂ ಪಲಾವ್."

ಗಾಯ ಮಾಯಿತು. ನಾಲಿಗೆ ಎಚ್ಚರವಾಗಲಿಲ್ಲ.

ಅವರು ಮಾಡಿದ ಮೊದಲ ಕೆಲಸ, ಮ್ಯಾನೇಜರ ಕೋಣೆಗೆ ಹೋಗಿ, ತಮ್ಮ ಅಂಕ ಇನ್ನು ಲೆಕ್ಕಕ್ಕಿಲ್ಲ ಎಂದು ತಾವಾಗಿಯೇ ಹೇಳಿದ್ದು. ಮ್ಯಾನೇಜರಿಗೆ ದಿಗಿಲಾಯಿತು. ಸೀಸನ್ನಿನ ನಡುವೆ ಮೇಡಂ ಇಲ್ಲದೆ ಹೇಗೆ? "ಮೂಗು ಸರಿ ಇದೆಯಲ್ಲ ಮೇಡಂ. ಅರ್ಧ ನಾಲಿಗೆನೂ ಇದೆ. ನಿಮ್ಮ ಅನುಭವಕ್ಕೆ ಅಷ್ಟು ಸಾಲ್ದಾ?"

"ಯಾರಾದ್ರೂ ಪಲ್ಪರ್ ಅರ್ಧ ತೊಳೆದು ತಂದ್ರೆ ನಾವು ತಗೊಳ್ತೀವಾ?" ಎಂದು ಕೇಳಿದರು ಮೇಡಂ.

ಆ ಸೀಸನ್ ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಅವರು ದಿನಾ ಬಂದರು. ದಿನಾ ಹೂವು ಚಿಲಕಕ್ಕೆ ಹೋಯಿತು. ನನ್ನ ಪಕ್ಕದಲ್ಲಿ ಕೂತು ಮೂಸುತ್ತಿದ್ದರು, ನನ್ನಿಂದ ಹೇಳಿಸುತ್ತಿದ್ದರು. "ಹುಳಿ ಅಂದ್ಯಲ್ಲ, ಯಾವ ಹುಳಿ? ನಿಂಬೆಯದ್ದಾ, ಹುಣಸೆಯದ್ದಾ, ಹಳಸಿದ್ದಾ? ಸರಿ ಹೇಳು, ನಂಗೆ ಕಾಣ್ತಿಲ್ಲ." ಕುರುಡರಿಗೆ ದಾರಿ ವಿವರಿಸುವ ಹಾಗೆ ನಾನು ಪ್ರತಿ ಲೋಟವನ್ನೂ ವಿವರಿಸಬೇಕಿತ್ತು. ನಾನು ನಿಜಕ್ಕೂ ರುಚಿ ನೋಡಲು ಕಲಿತದ್ದು ಆಗ.

ಕೆಲಸ ಶುರುವಾಗುವ ಮೊದಲು ಬೆಳಿಗ್ಗೆ ಇನ್ನೊಂದು ನಡೆಯುತ್ತಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಅವರು ಮೂಗಿಗೆ ಹಾಕಿಕೊಳ್ಳುವರು, ಮೂಗು ನಾಲಿಗೆಗೆ ಹೇಳಿಕೊಡಬಾರದೆಂದು. ಕಣ್ಣು ಮುಚ್ಚಿ ನಾಲಿಗೆ ಹೊರಚಾಚುವರು. ನಾನು ಉಪ್ಪು, ಸಕ್ಕರೆ, ನಿಂಬೆ, ಕಹಿ ಡಿಕಾಕ್ಷನ್, ಇವುಗಳಲ್ಲಿ ಯಾವುದಾದರೊಂದರಲ್ಲಿ ಅದ್ದಿದ ಹತ್ತಿಯಿಂದ ಎಡ ಅಂಚನ್ನು ಸವರಬೇಕು. ನಾಲಿಗೆ ಒಳಗೆಳೆಯುವ ಮೊದಲೇ ಅವರು ಬೆರಳಿನಿಂದ ತೋರಿಸಬೇಕು: ಒಂದು ಉಪ್ಪು, ಎರಡು ಸಕ್ಕರೆ, ಹೀಗೆ. ಮೊದಮೊದಲು ಅವರು ಬೆರಳನ್ನೇ ಎತ್ತಲಿಲ್ಲ. ಊಹೆ ಮಾಡಿದರೆ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಅದು ಬೇಡ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ಮೂಟೆ ಹೊರುವವರು ಕಿಟಕಿಯಿಂದ ಈ ದೃಶ್ಯ ಕಂಡು ನಕ್ಕರು. ಮೇಡಂ ಮೂಗಿನ ಕ್ಲಿಪ್ ತೆಗೆಯದೆಯೇ ಅವರಿಗೆ ಬೈದರು. ಆ ದನಿಗೆ ಅವರು ಇನ್ನೂ ಜೋರಾಗಿ ನಕ್ಕರು. ಕೊನೆಗೆ ಮೇಡಂ ಕೂಡ ನಕ್ಕುಬಿಟ್ಟರು.

ಮಳೆ ಹಿಡಿಯಿತು. ಒಂದು ದಿನ ಊಟ ಮಾಡುತ್ತಿದ್ದವರು ಕೈ ತಡೆದು ಕೂತರು. "ಇರುವೆ ಹರಿದ ಹಾಗೆ ಆಗ್ತಿದೆ" ಎಂದರು. ಡಾಕ್ಟರು ಅದು ಒಳ್ಳೆಯ ಲಕ್ಷಣ, ನರ ಎಚ್ಚರವಾಗುತ್ತಿದೆ ಎಂದರು. ಮಳೆ ನಿಲ್ಲುವ ಹೊತ್ತಿಗೆ ಹುಳಿಗೆ ಬೆರಳೆದ್ದಿತು. ಆಮೇಲೆ ಉಪ್ಪಿಗೆ. ಕಹಿ ಎಲ್ಲಕ್ಕಿಂತ ತಡವಾಗಿ ಬಂತು. ಆದರೂ ಅವರು ಅಂಕ ಕೊಡುವ ಹಾಳೆಯನ್ನು ಮುಟ್ಟಲಿಲ್ಲ.

ಮುಂದಿನ ಸೀಸನ್ನಿನ ಮೊದಲ ಸ್ಯಾಂಪಲ್ ತಂದವರು ಸಂಸೆಯವರೇ. "ಅಮ್ಮ, ಈ ಸಲ ನೀವೇ ನೋಡ್ಬೇಕು" ಎಂದು ಬಾಗಿಲಲ್ಲಿ ನಿಂತರು. ಮೇಡಂ ನನ್ನ ಕಡೆ ತಿರುಗಿ, "ಮೂರು ಲೋಟ ಇಡು. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಇವ್ರದ್ದು. ಬೇರೆಯದ್ದು ಯಾವುದು ಅಂತ ನಾನು ಹೇಳ್ಬೇಕು. ಮೂರು ಸುತ್ತು. ಮೂರೂ ಸರಿಯಾದ್ರೆ ಮಾತ್ರ ಅಂಕ" ಎಂದರು. ರುಚಿ ನೋಡುವವರಿಗೆ ಇದು ಗೊತ್ತಿರುವ ಪರೀಕ್ಷೆ. ಹೊಸಬರಿಗೆ ಇಡುತ್ತೇವೆ. ಅಷ್ಟು ವರ್ಷದ ಅನುಭವವಿದ್ದವರು, ಬೆಳೆಗಾರರ ಎದುರಿಗೇ ತಮಗೆ ಇಡಿಸಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ ಸುತ್ತಿಗೆ ಚಮಚ ಎತ್ತಿದರು. ಒಂದು ವರ್ಷದ ಮೇಲೆ ಆ ಸದ್ದು ಕೇಳಿಸಿತು, ಆಚೆ ರಸ್ತೆಗೆ ಕೇಳುವಷ್ಟು. ಸರಿಯಾದ ಲೋಟ ಮುಂದೆ ತಳ್ಳಿದರು. ಎರಡನೆಯದೂ ಸರಿ. ಮೂರನೆಯದರಲ್ಲಿ ತುಂಬ ಹೊತ್ತು ನಿಂತರು, ಮತ್ತೆ ಮತ್ತೆ ಎಳೆದರು. ಮುಂದೆ ತಳ್ಳಿದ ಲೋಟ ತಪ್ಪಾಗಿತ್ತು. ನಾನು ಸುಳ್ಳು ಹೇಳಬಹುದಿತ್ತು. ಲೋಟಗಳ ಅಡಿಯ ಗುರುತು ನನಗೆ ಮಾತ್ರ ಗೊತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ತಪ್ಪು" ಎಂದೆ.

"ಇವತ್ತಿಲ್ಲ" ಎಂದರು ಮೇಡಂ, ಸಂಸೆಯವರಿಗೆ. "ನಾಳೆ ನೋಡೋಣ."

"ಅಯ್ಯೋ ಅಮ್ಮ, ಎರಡು ಸರಿ ಆಯ್ತಲ್ಲ! ನಂಗೆ ಅಷ್ಟು ಸಾಕು."

"ನಂಗೆ ಸಾಲ್ದು."

ಆ ಹೊತ್ತಿಗೆ ಕಳಸದ ಕೊನೆಯ ಬಸ್ಸು ಹೋಗಿಯಾಗಿತ್ತು. ಮೇಡಂ ಮನೆಗೆ ಕರೆದರೂ ಅವರು ಒಪ್ಪದೆ, ನಮ್ಮ ಗೋಡೌನಿನಲ್ಲೇ ಖಾಲಿ ಗೋಣಿಚೀಲ ಹೊದ್ದು ಮಲಗಿದರು. ಬೆಳಿಗ್ಗೆ ನಾನು ಬಂದಾಗ ಮೈಕೈ ಕೆರೆದುಕೊಳ್ಳುತ್ತ ಎದ್ದು ಬಂದು, "ಚಳಿಗೆ ಚೀಲದೊಳಗೇ ಹೊಕ್ಕಿದ್ದೆ. ನಾನೇ ಈಗ ಚೀಲದ ಕಾಫಿ, ಪಾರ್ಚ್‌ಮೆಂಟ್. ನನ್ನೂ ಒಂದ್ಸಲ ರುಚಿ ನೋಡಿಬಿಡಿ" ಎಂದರು. ಆ ದಿನ ಮೇಡಂ ಮೂರೂ ಸುತ್ತು ಸರಿ ಹೇಳಿದರು. ಆಮೇಲೆ ಕೂತು ಅವರ ಕಾಫಿಗೆ ಅಂಕ ಕೊಟ್ಟರು. ಚೊಕ್ಕ, ಎಂದು ಕೆಳಗೆ ಬರೆದರು.

ಅಲ್ಲಿಂದ ಮುಂದೆ ಪ್ರತಿ ಸೀಸನ್ನಿನ ಮೊದಲ ಸ್ಯಾಂಪಲ್ಲಿಗೆ ಮುಂಚೆ ಅವರು ತಮಗೆ ಮೂರು ಲೋಟ ಇಡಿಸಿಕೊಂಡರು. ನಿವೃತ್ತರಾಗುವ ತನಕ ಒಂದು ವರ್ಷವೂ ಬಿಡಲಿಲ್ಲ. ನಾಲಿಗೆಯ ಎಡ ಅಂಚಿನಲ್ಲಿ ಬೆರಳಿನ ಉಗುರಿನಷ್ಟು ಜಾಗ ಎಚ್ಚರವಾಗಲೇ ಇಲ್ಲ ಎಂದು ಅವರೇ ಹೇಳಿದ್ದು. ಅದಕ್ಕೆ ಚಮಚವನ್ನು ಸ್ವಲ್ಪ ಬಲಕ್ಕೆ ವಾಲಿಸಿ ಎಳೆಯುತ್ತಿದ್ದರು. ಅವರಿಂದ ಕಲಿತವರು ಅದನ್ನೇ ಸರಿಯಾದ ಕ್ರಮವೆಂದು ತಿಳಿದು, ಇವತ್ತಿಗೂ ಬಲಕ್ಕೆ ವಾಲಿಸಿಯೇ ಎಳೆಯುತ್ತಾರೆ. ಶ್ರದ್ಧಾಂಜಲಿ ಸಭೆಯಲ್ಲಿ ದೇವರು ಕೊಟ್ಟ ನಾಲಿಗೆ ಎಂದವರಲ್ಲಿ ಅಂಥವರೂ ಇದ್ದರು.

ನಿವೃತ್ತಿಯಾದ ಮೇಲೆ ಕಳಸದ ಮೇಲಿನ ತೋಟಕ್ಕೆ ಹೋಗಿ ನೆಲೆಸಿದ್ದರು. ಹೃದಯದ ತೊಂದರೆ ಎಂದು ಮನೆಯವರು ಹೇಳಿದರು. ಹೆಚ್ಚು ದಿನ ಮಲಗಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದರ ಬಗ್ಗೆ ಬರೆಯಲು ನನ್ನಲ್ಲಿ ಇನ್ನೇನೂ ಇಲ್ಲ.

ಸಭೆ ಮುಗಿದು ಜನ ಚದುರಿದ ಮೇಲೆ ಸಂಸೆಯವರು ನನ್ನ ಹತ್ತಿರ ಬಂದರು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ, ಹೆಗಲ ಮೇಲೆ ಟವೆಲು ಹಾಗೇ ಇದೆ. ಹೇಗೂ ಪೇಟೆಗೆ ಬರುವುದಿತ್ತಲ್ಲ ಎಂದು ಈ ವರ್ಷದ ಸ್ಯಾಂಪಲ್ ತಂದಿದ್ದರು. ನಮ್ಮಲ್ಲಿ ಈ ಸೀಸನ್ನಿಗೆ ಅದೇ ಮೊದಲನೆಯದು. ನನ್ನ ತಲೆಯಲ್ಲಿದ್ದ ಹೂವನ್ನು ಚಿಲಕಕ್ಕೆ ಸಿಕ್ಕಿಸಿ ಒಳಗೆ ಹೋದೆ. ಹುರಿದು, ಪುಡಿ ಮಾಡಿ, ಮೂರು ಲೋಟ ಇಡಲು ಮ್ಯಾನೇಜರಿಗೆ ಹೇಳಿದೆ. "ನಿಮಗೆ ಎಂತಕ್ಕೆ ಪರೀಕ್ಷೆ?" ಎಂದರು. ಇಡಿ ಎಂದೆ.

ಮೊದಲ ಸುತ್ತು ಸರಿಯಾಯಿತು. ಎರಡನೆಯದಕ್ಕೆ ಚಮಚ ತುಟಿಗೆ ತಂದೆ. ಎಳೆದೆ, ಮತ್ತೆ ಎಳೆದೆ. ಯಾವುದೂ ಯಾವುದರಿಂದಲೂ ಬೇರೆಯಾಗಿ ಕಾಣಲಿಲ್ಲ. ಒಂದು ಲೋಟ ಮುಂದೆ ತಳ್ಳಿದೆ. ಮ್ಯಾನೇಜರು ಅಡಿಯ ಗುರುತು ನೋಡಿ ತಲೆ ತಗ್ಗಿಸಿದರು.

ಬಾಗಿಲಲ್ಲಿ ನಿಂತಿದ್ದವರ ಕಡೆ ತಿರುಗಿದೆ. "ಇವತ್ತಿಲ್ಲ. ನಾಳೆ ನೋಡೋಣ."

ಅವರು ಕಾಲ ಬಳಿ ಇಟ್ಟಿದ್ದ ಉಬ್ಬಿದ ಚೀಲವನ್ನು ಕೈಯಿಂದ ತಟ್ಟಿದರು.

"ಗೊತ್ತಿತ್ತಮ್ಮ. ಕಂಬಳಿ ತಗೊಂಡೇ ಬಂದಿದೀನಿ."